ಬೇಡ ಅನ್ನಲಿ ಅಂತ ಕೊಟ್ಟ ಬಡ್ತಿ

ವೇದಾವತಿ: ಅಲ್ಲ ಸರ್, ಆಗ್ಲಿಂದ ಬಡ್ತಿ ಬಡ್ತಿ ಅಂತಿದೀರ. ಮೇಲಕ್ಕೆ ಹೋಗ್ತೀನೋ ಇಲ್ವೋ, ಅದನ್ನ ಮೊದ್ಲು ಹೇಳಿ.

ಗೌರೀಶ್: ಮೇಲಕ್ಕೆ ಅಂತಲ್ಲ ಮೇಡಂ. ಇದು ಲ್ಯಾಟರಲ್ ಗ್ರೋತ್. ಅಡ್ಡಡ್ಡಲಾಗಿ ಬೆಳೆಯೋದು.

ವೇದಾವತಿ: ಅಡ್ಡಡ್ಡಲಾಗಿ ಬೆಳೆಯೋದು ಮದ್ವೆ ಆದಾಗಿಂದ ನಡೀತಾನೇ ಐತೆ. ಅದಕ್ಕೆ ಕಂಪನಿ ಯಾಕೆ ತೊಂದ್ರೆ ತಗೋಬೇಕು.

ಬಾಗಿಲ ಪಕ್ಕದ ಸ್ಟೌವಿನ ಮುಂದೆ ಹಾಲು ಉಕ್ಕದಂತೆ ಕಾಯುತ್ತಿದ್ದ ಕರಿಬಸಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಗೌರೀಶ್ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡು ಸುಮ್ಮನೆ ಒಂದು ಕೀ ಒತ್ತಿ, ಮತ್ತೆ ವೇದಾವತಿಯ ಕಡೆಗೆ ತಿರುಗಿಸಿದ. ಪರದೆಯ ಮೇಲೆ ಯಾರ ಕೆಳಗೆ ಯಾರು ಎಂದು ಡಬ್ಬಿ ಡಬ್ಬಿಯಾಗಿ ಬರೆದ ಚಿತ್ರ, ಅದರಡಿ 'ಒಪ್ಪಿಗೆ', 'ಬೇಡ' ಎಂಬ ಎರಡು ಬಟನ್.

ಬಿಸಿಲುಸಿರಿ ಎನರ್ಜಿ ಎಂಬ ಕಂಪನಿಗೆ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಯುವ, ಕಾಯುವ ಗುತ್ತಿಗೆ. ಕೆಲಸವೆಲ್ಲ ಅಲ್ಲಿ. ಆ ಕೆಲಸದವರ ಹಾಜರಿ, ರಜೆ, ಗುರುತಿನ ಕಾರ್ಡು, ಬೂಟು, ಗೆಸ್ಟ್‌ಹೌಸಿನ ಬೀಗದ ಕೈ ಮುಂತಾದ್ದೆಲ್ಲ ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮೇಲಿನ ಈ ಒಂದು ಕೋಣೆಯಲ್ಲಿ. ಕಂಪನಿಯ ಭಾಷೆಯಲ್ಲಿ ಇದಕ್ಕೆ 'ಸಪೋರ್ಟ್' ಎಂದು ಹೆಸರು. ಕರಿಬಸಮ್ಮನ ಭಾಷೆಯಲ್ಲಿ ಊರುಗೋಲು ಆಫೀಸು. ವೇದಾವತಿ ಇಲ್ಲಿನ ಅಡ್ಮಿನ್ ಅಸಿಸ್ಟೆಂಟು, ದಿನವೂ ಕೊರಟಗೆರೆಯಿಂದ ಬಸ್ಸಿನಲ್ಲಿ ಬರುವವಳು. ಕರಿಬಸಮ್ಮ ಇದೇ ಊರಿನವಳು, ಕಸ ಗುಡಿಸಿ, ಟೀ ಕಾಸಿ, ಬಾಗಿಲು ಹಾಕಿಕೊಂಡು ಹೋಗುವವಳು. ಗೌರೀಶ್ ಸಿರಾದವನು. ಕೆಲವು ವರ್ಷದ ಹಿಂದೆ ಇದೇ ಕೋಣೆಯಲ್ಲಿ ವೇದಾವತಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೂಟಿನ ಸೈಜು ಟೈಪ್ ಮಾಡುತ್ತ, ಮಧ್ಯಾಹ್ನ ಅವಳ ಡಬ್ಬಿಯ ಚಿತ್ರಾನ್ನದಲ್ಲಿ ಪಾಲು ತಿನ್ನುತ್ತ ಇದ್ದವನು. ಈಗ ಎಚ್.ಆರ್. ಬಿಸಿನೆಸ್ ಪಾರ್ಟ್‌ನರ್. ಕೊರಳಿಗೆ ಹಾಕಿಕೊಳ್ಳುವ ಗುರುತಿನ ಕಾರ್ಡಿನ ಪಟ್ಟಿಯ ಬಣ್ಣ ಬದಲಾಗಿತ್ತು, ಲ್ಯಾಪ್‌ಟಾಪ್ ಮಾತ್ರ ಅದೇ.

ಅವನು ಇವತ್ತು ಬಂದದ್ದು ಒಂದು ನಾಜೂಕಾದ ಕೆಲಸಕ್ಕೆ. ಬೆಂಗಳೂರಿನ ನವೀನ್ ಕುಮಾರ್ ಸಾಹೇಬರು ಇಡೀ ವಿಭಾಗವನ್ನೇ ಬದಲಾಯಿಸುತ್ತಿದ್ದರು. ಮಧುಗಿರಿಯ ಹುದ್ದೆ ಇನ್ನಿಲ್ಲ, ಬದಲಿಗೆ ತಿರುಮಣಿಯಲ್ಲಿ 'ಹೆಡ್, ಪೀಪಲ್ ಸಪೋರ್ಟ್' ಎಂಬ ಹೊಸ ಹುದ್ದೆ. ಹಿರಿತನ ನೋಡಿದರೆ ಅದನ್ನು ಮೊದಲು ವೇದಾವತಿಗೇ ಕೊಡಬೇಕು. ಕೊರಟಗೆರೆಯಿಂದ ಮಧುಗಿರಿ, ಅಲ್ಲಿಂದ ಪಾವಗಡ, ಅಲ್ಲಿಂದ ತಿರುಮಣಿ. ಸಂಸಾರ ಇರುವ ಹೆಂಗಸು ಈ ದಾರಿಯನ್ನು ಕೇಳಿದರೇ ಕೈಮುಗಿದು ಬಿಡುತ್ತಾಳೆ. ಅವಳಾಗಿ ಬೇಡ ಎಂದರೆ ಅವಳಾಗಿ ಹೋದ ಹಾಗೆ. ಆಮೇಲೆ ಆ ಹುದ್ದೆ ಗೌರೀಶನಿಗೆ, ಅದೂ ತುಮಕೂರಿನಲ್ಲೇ ಕೂತು ನೋಡಿಕೊಳ್ಳುವ ಅನುಕೂಲದೊಂದಿಗೆ. "ಯಾರನ್ನೂ ತೆಗೆದ ಹಾಗಾಗಲ್ಲ, ಎಲ್ಲರಿಗೂ ಬೆಳವಣಿಗೆ ಕೊಟ್ಟ ಹಾಗಾಗುತ್ತೆ" ಎಂದಿದ್ದರು ಸಾಹೇಬರು. ಗೌರೀಶನಿಗೆ ಆ ಮಾತು ತುಂಬ ಹಿಡಿಸಿತ್ತು. ಹಾಗಾಗಿ ಅವನು ಬಡ್ತಿಯನ್ನು ಹೊಗಳಬೇಕಿತ್ತು. ಆದರೆ ಅವಳಿಗೆ ಬೇಕು ಅನ್ನಿಸದಷ್ಟು ಮಾತ್ರ ಹೊಗಳಬೇಕಿತ್ತು.

ವೇದಾವತಿ: ಸರಿ, ಈ ಡಬ್ಬಿ ನಂದು ಅಂತೀರ. ಇದರ ಕೆಳಗಿನ ಡಬ್ಬಿ ಯಾರ್ದು?

ಗೌರೀಶ್: ಅದು ನಿಮ್ಮ ಟೀಮು.

ವೇದಾವತಿ: ಒಳಗೆ ಹೆಸ್ರೇ ಇಲ್ವಲ್ಲ.

ಗೌರೀಶ್: ಟೀಮ್ ಇನ್ನೂ ಬರ್ಬೇಕು. ಅಲ್ಲಿವರೆಗೂ ನೀವು ಇಂಡಿವಿಜುಯಲ್ ಲೀಡರ್.

ವೇದಾವತಿ: ಅಂದ್ರೆ?

ಗೌರೀಶ್: ಅಂದ್ರೆ, ನಿಮ್ಮನ್ನ ನೀವೇ ಲೀಡ್ ಮಾಡ್ಕೋಬೇಕು.

ಕರಿಬಸಮ್ಮ: ಇಷ್ಟ್ ದಿನ ನಮ್ಮ ವೇದಮ್ಮ ಮಾಡ್ತಿದ್ದಿದ್ದು ಅದ್ನೇ ಅಲ್ವೇನಪ್ಪ. ಹಾಜ್ರಿ ಬರೆಯೋಳೂ ಅವ್ಳೇ, ಹಾಜ್ರಿ ಹಾಕ್ಸ್ಕೊಳ್ಳೋಳೂ ಅವ್ಳೇ.

ವೇದಾವತಿ: ಇರಿ ಅಕ್ಕ. ಸರ್, ನಂಗೆ ಒಂದಿನ ರಜ ಬೇಕು ಅಂದ್ರೆ ಯಾರ್ನ ಕೇಳ್ಲಿ?

ಗೌರೀಶ್: ನಿಮ್ಮ ಮೇಲಿನವರನ್ನ.

ವೇದಾವತಿ: ಮೇಲಿನ ಡಬ್ಬಿನೂ ಖಾಲಿ ಐತಲ್ಲ.

ಗೌರೀಶ್: ಅದು ಸದ್ಯಕ್ಕೆ ಫ್ರೀಜ್ ಆಗಿದೆ.

ಕರಿಬಸಮ್ಮ: ಫ್ರಿಜ್ಜಾ? ಒಂದ್ ಫ್ರಿಜ್ ಕೊಡ್ಸಿ, ಮಧ್ಯಾಹ್ನದ ಹೊತ್ಗೆ ಹಾಲು ಒಡ್ದೋಯ್ತದೆ ಅಂತ ನಾನು ಯಾವತ್ತಿಂದ ಬಡ್ಕೊಂತಿದೀನಿ. ಮೇಲ್ಗಡೆ ಡಬ್ಬೀಲಿ ಇಟ್ಕೊಂಡು ಇಲ್ಲ ಅಂತಿದ್ರಾ?

ಗೌರೀಶ್: ಆ ಫ್ರಿಜ್ ಅಲ್ಲ ಕರಿಬಸಮ್ಮ. ಆ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ ಅಂತ.

ಕರಿಬಸಮ್ಮ: ಯಾರ್ನೂ ತಗೊಳ್ಳಲ್ಲ ಅಂದ್ಮೇಲೆ ಡಬ್ಬಿ ಯಾಕೆ ಬರ್ದ್ರಿ?

 ಗೌರೀಶ್ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿದ. ಅದರಿಂದ ಖಾಲಿ ಡಬ್ಬಿ ಇನ್ನೂ ಖಾಲಿಯಾಗಿ ಕಾಣಿಸಿತು.

ವೇದಾವತಿ: ಇಲ್ಲಿಂದ ಅಲ್ಲಿಗೆ ಇದೇನು ಚುಕ್ಕಿ ಚುಕ್ಕಿ?

ಗೌರೀಶ್: ಡಾಟೆಡ್ ಲೈನ್. ಪೂರ್ತಿ ಗೆರೆ ಎಳ್ದಿದ್ರೆ ಅವರು ನಿಮ್ಮ ನಿಜವಾದ ಬಾಸು. ಚುಕ್ಕಿ ಇದ್ರೆ ಅವರು ಬರೀ ಕೆಲಸ ಹೇಳೋ ಬಾಸು.

ವೇದಾವತಿ: ನಿಜವಾದ ಬಾಸು ಏನ್ ಮಾಡ್ತಾರೆ?

ಗೌರೀಶ್: ವರ್ಷದ ಕೊನೇಲಿ ಮಾರ್ಕ್ಸ್ ಹಾಕ್ತಾರೆ.

ವೇದಾವತಿ: ಕೆಲ್ಸ ಹೇಳ್ದೇನೇ?

ಗೌರೀಶ್: ಹೇಳಿರೋದು ಚುಕ್ಕಿ ಬಾಸು.

ವೇದಾವತಿ: ಅವ್ರು ಮಾರ್ಕ್ಸ್ ಹಾಕಲ್ಲ.

ಗೌರೀಶ್: ಅವರಿಗೆ ಆ ಪವರ್ ಇಲ್ಲ.

ಕರಿಬಸಮ್ಮ: ಚುಕ್ಕಿ ಇಟ್ಮೇಲೆ ಎಳೆ ಕೂಡಿಸ್ಬೇಕು ಕಣಪ್ಪ, ಆಗ ರಂಗೋಲಿ ಆಗ್ತದೆ. ಇಂಗೇ ಬುಟ್ರೆ ಅದು ಇರುವೆ ಸಾಲು.

ವೇದಾವತಿ ನಗಲಿಲ್ಲ. ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಅವಳ ಮನಸ್ಸು ಎಲ್ಲೋ ಇದೆ ಎಂದು ಗೌರೀಶನಿಗೆ ಅನ್ನಿಸಿತು. ಇದು ಒಳ್ಳೆಯ ಲಕ್ಷಣ. ಬೇಡ ಎನ್ನುವವರು ಹೀಗೇ ಮೊದಲು ಮೌನವಾಗುತ್ತಾರೆ. ಅವನು ಇಷ್ಟು ಹೊತ್ತು ಬಚ್ಚಿಟ್ಟುಕೊಂಡಿದ್ದನ್ನು ಹೊರಗೆ ತೆಗೆದ.

ಗೌರೀಶ್: ಆಮೇಲೆ ಮೇಡಂ, ನೀವು ಕೂರೋದು ಇಲ್ಲಿ ಅಲ್ಲ. ತಿರುಮಣೀಲಿ.

ಕರಿಬಸಮ್ಮ: ತಿರುಮಣೀಲಾ? ಅಲ್ಲಿ ನೆರಳು ಬೇಕು ಅಂದ್ರೆ ಪ್ಯಾನಲ್ ಕೆಳಕ್ಕೇ ನುಗ್ಬೇಕು.

ಗೌರೀಶ್: ವಾತಾವರಣ ಚೆನ್ನಾಗಿದೆ ಕರಿಬಸಮ್ಮ. ಎಲ್ಲಿ ನೋಡಿದ್ರೂ ಓಪನ್ ಆಗಿದೆ. ಪಾವಗಡದಿಂದ ಬಸ್ಸಿದೆ. ಸೈಟ್ ಆಫೀಸಲ್ಲಿ ಇದ್ರೆ ಕಲಿಯೋಕೆ ಎಷ್ಟೋ ವಿಷಯ ಸಿಗುತ್ತೆ.

ವೇದಾವತಿ: ಅಲ್ಲಿನವ್ರು ಮಾತಾಡೋದು ತೆಲುಗಲ್ವ ಸರ್?

ಗೌರೀಶ್: ತೆಲುಗೇ ಜಾಸ್ತಿ. ನಿಮಗೆ ಬರುತ್ತಾ?

ವೇದಾವತಿ: ಬಾಗುನ್ನಾರಾ ಅಂತ ಕೇಳೋಷ್ಟು ಬರ್ತದೆ. ಅವ್ರು ಚೆನ್ನಾಗಿಲ್ಲ ಅಂದ್ಬುಟ್ರೆ ಮುಂದಕ್ಕೆ ಏನ್ ಹೇಳ್ಬೇಕೋ ಗೊತ್ತಿಲ್ಲ.

ಗೌರೀಶ್: (ದನಿ ತಗ್ಗಿಸಿ, ಕಾಳಜಿಯಿಂದ) ಅರ್ಜೆಂಟ್ ಏನಿಲ್ಲ ಮೇಡಂ. ಯೋಚನೆ ಮಾಡಿ. ಮನೆ ಇದೆ, ಮಗಳ ಸ್ಕೂಲಿದೆ, ನಿಮ್ಮ ಯಜಮಾನ್ರು ಯುವರಾಜ್ ಮೇಷ್ಟ್ರ ಊಟ ತಿಂಡಿ ಇದೆ. ಬೇಡ ಅಂದ್ರೂ ಕಂಪನಿ ಬೇಜಾರು ಮಾಡ್ಕೊಳ್ಳಲ್ಲ.

ವೇದಾವತಿ: ಬೇಡ ಅಂದ್ರೆ ಇಲ್ಲೇ ಇರ್ಬೋದಾ?

ಗೌರೀಶ್: ಇಲ್ಲಿ, ಅಂದ್ರೆ, ಇಲ್ಲಿ ಡಬ್ಬಿ ಇರಲ್ಲ.

ವೇದಾವತಿ: ಡಬ್ಬಿ ಇಲ್ದಿದ್ರೆ ಬುಡಿ, ಕುರ್ಚಿ ಇರ್ತದಲ್ಲ.

ಗೌರೀಶ್: ಅದಕ್ಕೆ ಸೆಲ್ಫ್ ಎಕ್ಸಿಟ್ ಅಂತಾರೆ. ನೀವೇ ನಿಮ್ಮ ಬೆಳವಣಿಗೆಗೆ ಬೇರೆ ದಾರಿ ನೋಡ್ಕೊಂಡ್ರಿ ಅಂತ.

ಕರಿಬಸಮ್ಮ: ಕೆಲ್ಸದಿಂದ ತೆಗೆದಂಗೆ.

ಗೌರೀಶ್: ತೆಗೆಯೋದು ಅನ್ನೋ ಪದಾನೇ ನಮ್ಮ ಕಂಪನೀಲಿಲ್ಲ.

ಕರಿಬಸಮ್ಮ: ಪದ ಇಲ್ದಿದ್ರೂ ತೆಗೆಯೋದು ಐತೆ ಅನ್ನು.

ಈ ಹೆಂಗಸಿನ ಬಾಯಿ ಮುಚ್ಚಿಸದಿದ್ದರೆ ಕೆಲಸ ಕೆಡುತ್ತದೆ ಎಂದು ಗೌರೀಶ್ ಅವಳ ಕಡೆಗೆ ಕುರ್ಚಿಯನ್ನೇ ತಿರುಗಿಸಿದ. ಹೇಗೂ ಅವಳಿಗೂ ಒಂದು ಸುದ್ದಿ ಮುಟ್ಟಿಸುವುದಿತ್ತು.

ಗೌರೀಶ್: ನಿಮಗೂ ಒಂದು ಒಳ್ಳೆ ಸುದ್ದಿ ಇದೆ ಕರಿಬಸಮ್ಮ. ಮುಂದಿನ ತಿಂಗಳಿಂದ ನೀವು ಕೆಲಸದವರಲ್ಲ. ಪಾರ್ಟ್‌ನರ್.

ಕರಿಬಸಮ್ಮ: ಯಾರು, ನಾನಾ?

ಗೌರೀಶ್: ನೀವೇ.

ಕರಿಬಸಮ್ಮ: ನಮ್ಮಣ್ಣಂದು ಹುಣಸೆಹಣ್ಣಿನ ಮಂಡಿ ಐತಲ್ಲ, ಅವ್ನಿಗೊಬ್ಬ ಪಾರ್ಟ್‌ನರ್ ಅವ್ನೆ. ಬೆಳಗಾನ ಬತ್ತಾನೆ, ಗಲ್ಲಾಪೆಟ್ಟಿಗೆ ಪಕ್ಕ ಕೂತ್ಕೊಂತಾನೆ, ಒಂದ್ ಕಾಫಿ ತರ್ಸ್ಕೊಂಡು ಕುಡೀತಾನೆ, ಹೋಯ್ತಾನೆ. ಅಂಗಾ?

ಗೌರೀಶ್: ಅಂಗಲ್ಲ. ನೀವು ಸರ್ವಿಸ್ ಪಾರ್ಟ್‌ನರ್. ಏಜೆನ್ಸಿ ಕಡೆಯಿಂದ ಬರ್ತೀರ.

ಕರಿಬಸಮ್ಮ: ಎಲ್ಲಿಗೆ ಬರ್ತೀನಿ?

ಗೌರೀಶ್: ಇಲ್ಲಿಗೇ. ಈ ಕೋಣೆ ಸ್ಟೋರ್ ಆಗಿ ಇರುತ್ತೆ, ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ.

ಕರಿಬಸಮ್ಮ: ಇಲ್ಲೇ ಇದೀನಲ್ಲಪ್ಪ.

ಗೌರೀಶ್: ಇದೀರ. ಆದ್ರೆ ಈಗ ಕಂಪನಿಯವರಾಗಿ ಇಲ್ಲಿದೀರ. ಆಮೇಲೆ ಏಜೆನ್ಸಿಯವರಾಗಿ ಇಲ್ಲಿರ್ತೀರ.

ಕರಿಬಸಮ್ಮ: ಕಸ ಅದೇನಾ?

ಗೌರೀಶ್: ಕಸ ಅದೇ.

ಕರಿಬಸಮ್ಮ: ಸಂಬ್ಳ ಅದೇನಾ?

ಗೌರೀಶ್: ಅದನ್ನ ಏಜೆನ್ಸಿಯವರು ಹೇಳ್ತಾರೆ.

ಕರಿಬಸಮ್ಮ: ಪಿ.ಎಫ್ಫು?

ಗೌರೀಶ್: ಅದೂ ಅವರನ್ನೇ ಕೇಳ್ಬೇಕು.

ಕರಿಬಸಮ್ಮ: ಯಾವ್ದಪ್ಪ ಆ ಏಜೆನ್ಸಿ, ಹೋಗಿ ಕೇಳ್ಕೊಂಡೇ ಬತ್ತೀನಿ.

ಗೌರೀಶ್: ಯಾವುದು ಅಂತ ಇನ್ನೂ ಫೈನಲ್ ಆಗಿಲ್ಲ.

ಕರಿಬಸಮ್ಮ ಸ್ಟೌವನ್ನು ಆರಿಸಿದಳು. ಉಕ್ಕಲು ಬಂದಿದ್ದ ಹಾಲು ಕೆಳಗೆ ಕೂತಿತು. ಆಮೇಲೆ ಆಕೆ ಸೆರಗು ಸರಿಮಾಡಿಕೊಂಡು, ಬಂದವರು ಕೂರುವ ಕುರ್ಚಿಯ ಮೇಲೆ, ಇಷ್ಟು ವರ್ಷದಲ್ಲಿ ಎಂದೂ ಕೂರದವಳು, ಹಾಯಾಗಿ ಬೆನ್ನು ಒರಗಿಸಿ ಕೂತಳು.

ಕರಿಬಸಮ್ಮ: ಅಂಗಾರೆ ಟೀನೂ ಇನ್ನೂ ಫೈನಲ್ ಆಗಿಲ್ಲ ಕಣಪ್ಪ.

ಸಿರಾದಿಂದ ಬೆಳಿಗ್ಗೆಯೇ ಹೊರಟು ಬಂದಿದ್ದ ಗೌರೀಶನಿಗೆ ತಲೆ ಸಣ್ಣಗೆ ಸಿಡಿಯುತ್ತಿತ್ತು. ಕಿಟಕಿಯಾಚೆ ಬೆಟ್ಟ ಆಗಲೇ ಕಾದು ಹೆಂಚಿನಂತಾಗಿತ್ತು. ಅವನು ಸ್ಟೌವನ್ನೂ ಪಾತ್ರೆಯನ್ನೂ ನೋಡಿದ, ಹಾಲು ಕೆನೆ ಕಟ್ಟುತ್ತಿತ್ತು. ಅಷ್ಟರಲ್ಲಿ ಬಲಗಡೆಯಿಂದ ಒಂದು ಸಣ್ಣ ಗಂಟೆಯ ಸದ್ದು ಬಂತು.

ವೇದಾವತಿ: ಆಯ್ತು ಸರ್.

ಗೌರೀಶ್: ಏನಾಯ್ತು?

ವೇದಾವತಿ: ಒಪ್ಪಿಗೆ ಅಂತ ಇತ್ತಲ್ಲ, ಒತ್ತಿದೆ.

ಲ್ಯಾಪ್‌ಟಾಪಿನ ತುಂಬ ಬಣ್ಣಬಣ್ಣದ ಕಾಗದದ ಚೂರುಗಳು ಉದುರುತ್ತಿದ್ದವು. ನಡುವೆ 'ಅಭಿನಂದನೆಗಳು ವೇದಾವತಿ' ಎಂದು ಮೂಡಿತ್ತು. ಗೌರೀಶ್ ಎದ್ದ, ಕೂತ, ಮತ್ತೆ ಎದ್ದ.

ಗೌರೀಶ್: ಯಾಕೆ ಒತ್ತಿದ್ರಿ?

ವೇದಾವತಿ: ಒತ್ತೋಕೆ ತಾನೆ ತಂದಿದ್ದು?

ಗೌರೀಶ್: ಎರಡು ಬಟನ್ ಇತ್ತು ಮೇಡಂ.

ವೇದಾವತಿ: ಎರಡೂ ಒತ್ಬೇಕಿತ್ತಾ?

ಗೌರೀಶ್: ದುಡುಕಿಬಿಟ್ರಿ. ತಿರುಮಣಿ ಬಿಸಿಲು ಎಂಥದ್ದು ಅಂತ ನಿಮಗೆ ಗೊತ್ತಾ?

ವೇದಾವತಿ: ವಾತಾವರಣ ಚೆನ್ನಾಗೈತೆ ಅಂದ್ರಲ್ಲ.

ಗೌರೀಶ್: ಪ್ಯಾನಲ್‌ಗೆ ಚೆನ್ನಾಗಿದೆ.

ವೇದಾವತಿ: ಬಸ್ಸೈತೆ ಅಂದ್ರಿ.

ಗೌರೀಶ್: ಬಸ್ಸಿದೆ. ಹೋಗೋದನ್ನ ನೋಡಿದೀನಿ. ವಾಪಸ್ ಬರೋದನ್ನ ನಾನಂತೂ ನೋಡಿಲ್ಲ.

ವೇದಾವತಿ: ಕಲಿಯೋಕೆ ಎಷ್ಟೋ ಐತೆ ಅಂದ್ರಿ.

ಗೌರೀಶ್: ಏನೂ ಇಲ್ಲ. ಎರಡು ದಿನಕ್ಕೆ ಎಲ್ಲ ಗೊತ್ತಾಗಿಬಿಡುತ್ತೆ, ಆಮೇಲೆ ಬರೀ ಧೂಳು.

ವೇದಾವತಿ: ಹೆಡ್ ಅಂದ್ರಿ.

ಗೌರೀಶ್: ಹೆಸ್ರಿಗೆ ಹೆಡ್ಡು. ಅಲ್ಲಿ ತಲೆನೂ ನೀವೇ, ಬಾಲನೂ ನೀವೇ. ಮೇಲೆ ಕೇಳೋರಿಲ್ಲ, ಕೆಳಗೆ ಮಾಡೋರಿಲ್ಲ. ಬಿಲ್ಕುಲ್ ಬೇಡ ಅಂತ ನಾನು ಹೇಳ್ತೀನಿ, ನಿಮ್ಮ ತಮ್ಮ ಅಂತ ತಿಳ್ಕೊಂಡು ಕೇಳಿ.

ಕರಿಬಸಮ್ಮ: ಇಷ್ಟ್ ದರಿದ್ರದ್ದನ್ನ ಆಯಮ್ಮನ ತಲೆ ಮ್ಯಾಲೆ ಕಟ್ಟಕ್ಕೆ ಸಿರಾದಿಂದ ಬಂದ್ಯಾ ನೀನು?

ಗೌರೀಶ್: ಇದು ಅವರಿಗೆ ಅಂತಲೇ ಇದ್ದಿದ್ದಲ್ಲ. ಅವರು ಬೇಡ ಅಂದಮೇಲೆ ನಂಗೆ...

 ಇಬ್ಬರು ಹೆಂಗಸರೂ ಅವನನ್ನೇ ನೋಡುತ್ತಿದ್ದರು.

ವೇದಾವತಿ: ನಿಮ್ಗೆ?

ಗೌರೀಶ್: ನಂಗೆ ಬೇಜಾರಾಗ್ತಿತ್ತು ಅಂದೆ.

ಕರಿಬಸಮ್ಮ: ಬೇಜಾರಾಗೋನ ಮುಖ ಹಿಂಗೆ ಬೆವರ್ತದಾ?

ವೇದಾವತಿ: ಬುಡಿ ಅಕ್ಕ. ಅವ್ರು ಒಂದು ಸುಳ್ಳೂ ಹೇಳಿಲ್ಲ. ಮೊದ್ಲು ಹೇಳಿದ್ದೂ ನಿಜ, ಈಗ ಹೇಳಿದ್ದೂ ನಿಜ.

ಅವಳು ಅದನ್ನು ಎಷ್ಟು ಮೆತ್ತಗೆ ಹೇಳಿದಳೆಂದರೆ, ಅದು ಮೆಚ್ಚುಗೆಯೋ ಚುಚ್ಚುಮಾತೋ ಎಂದು ತಿಳಿಯಲು ಗೌರೀಶನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಿವಿ ಬಿಸಿಯಾಯಿತು.

ಗೌರೀಶ್: ಅದ್ಸರಿ ಮೇಡಂ. ದಿನಾ ಕೊರಟಗೆರೆಯಿಂದ ತಿರುಮಣಿಗೆ ಹೆಂಗೆ ಹೋಗ್ತೀರ? ಅದನ್ನಾದ್ರೂ ಹೇಳಿ.

ವೇದಾವತಿ: ಕೊರಟಗೆರೆಯಿಂದ ಯಾಕೆ ಹೋಗ್ಲಿ. ನಾಗಲಮಡಿಕೆಯಿಂದ ಹೋಗ್ತೀನಿ.

ಗೌರೀಶ್: ನಾಗಲಮಡಿಕೆ?

ವೇದಾವತಿ: ನಮ್ಮ ಯಜಮಾನ್ರಿಗೆ ಟ್ರಾನ್ಸ್‌ಫರ್ ಆಯ್ತು ಸರ್. ಕೌನ್ಸೆಲಿಂಗ್‌ನಲ್ಲಿ ನಾಗಲಮಡಿಕೆ ಹೈಸ್ಕೂಲು ಸಿಕ್ತು. ಅಲ್ಲಿಂದ ತಿರುಮಣಿ ಏನ್ ದೂರ, ಅವ್ರ ಗಾಡೀಲೇ ಬುಟ್ಟು ಬರ್ತಾರೆ. ಮನೆನೂ ನೋಡ್ಕೊಂಡ್ ಬಂದ್ವಿ. ಮಗಳು ಸಂಘಮಿತ್ರಾನ ಅವ್ರ ಸ್ಕೂಲಿಗೇ ಸೇರ್ಸೋದು.

ಕರಿಬಸಮ್ಮ: ಏನೇ ವೇದಮ್ಮ, ನಂಗೂ ಹೇಳ್ಲಿಲ್ವಲ್ಲೇ.

ವೇದಾವತಿ: ಹೆಂಗೆ ಹೇಳ್ಲಿ ಅಕ್ಕ. ಕೆಲ್ಸ ಬುಡ್ಬೇಕಲ್ಲ ಅಂತ ಒಂದು ವಾರದಿಂದ ಗಂಟ್ಲಲ್ಲಿ ಅನ್ನ ಇಳೀತಿರ್ಲಿಲ್ಲ. ಸರ್ ಬತ್ತಾರೆ ಅಂತ ಗೊತ್ತಾಯ್ತು, ಇವತ್ತು ಹೇಳೇ ಬುಡೋಣ, ನಾನು ಬುಡ್ತೀನಿ ಅಂತ, ಬಸ್ಸಲ್ಲಿ ಮಾತು ಜೋಡಿಸ್ಕೊಂಡು ಬಂದಿದ್ದೆ.

ಗೌರೀಶ್: ಬಿಡ್ತೀನಿ ಅಂತ ಹೇಳೋಕೆ ಬಂದಿದ್ರಾ?

ವೇದಾವತಿ: ಹೂಂ ಸರ್. ಬಾಯಿ ತೆಗೆಯೋ ಹೊತ್ಗೆ ನೀವು ಲ್ಯಾಪ್‌ಟಾಪ್ ತೆಗೆದ್ರಿ. ನಿಮ್ಗೊಂದು ಬಡ್ತಿ ಅಂದ್ರಿ.

ಗೌರೀಶ್: ನೀವು ಒಂದು ಮಾತು, ಒಂದೇ ಒಂದು ಮಾತು ಮುಂಚೆ ಹೇಳಿದ್ರೆ.

ವೇದಾವತಿ: ನೀವು ಮಾತಾಡೋಕೆ ಬಿಟ್ರಾ?

ಗೌರೀಶ್: ಮತ್ತೆ ಬೇಕಾಗಿದ್ದೇ ಆದ್ರೆ, ಇಷ್ಟು ಹೊತ್ತು ಆ ಡಬ್ಬಿ ಯಾವುದು ಈ ಚುಕ್ಕಿ ಯಾವುದು ಅಂತ ನನ್ನ ಯಾಕೆ ಅರೆದ್ರಿ?

ವೇದಾವತಿ: ಬದನೆಕಾಯಿನೂ ತಿರುಗಿಸಿ ನೋಡಿ ತಗೊಂತೀವಿ ಸರ್. ಕೇಳ್ದೆ ಇರೋ ಬಡ್ತಿನ ಹುಳ ಐತಾ ಅಂತ ನೋಡ್ಬಾರ್ದಾ?

ಗೌರೀಶ್ ತಲೆಯ ಮೇಲೆ ಕೈ ಇಟ್ಟುಕೊಂಡ. ಅವನು ಬರುವ ದಾರಿಯಲ್ಲಿ ಒಂದು ಕಡೆ ಬಸ್ಸು ಕೆಟ್ಟು ನಿಂತಿದ್ದರೆ ಸಾಕಿತ್ತು. ಗೊಬ್ಬರದಂಗಡಿಯವನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿಕೊಂಡು ಊರ ಸಮಾಚಾರ ಕೇಳಿದ್ದರೂ ಸಾಕಿತ್ತು, ಅಷ್ಟರಲ್ಲಿ ಅವಳು ಕರಿಬಸಮ್ಮನ ಮುಂದೆ ಬಾಯಿ ಬಿಟ್ಟಿರುತ್ತಿದ್ದಳು. ಇಂಥದೆಲ್ಲ ದಿನವೂ ಆಗುತ್ತದೆ, ಇವತ್ತೊಂದು ದಿನ ಆಗಲಿಲ್ಲ. ಕೊರಳ ಪಟ್ಟಿಯನ್ನು ಸಡಿಲ ಮಾಡಿಕೊಳ್ಳುವಷ್ಟರಲ್ಲಿ ಅವನ ಫೋನು ಅದುರಿತು. ನವೀನ್ ಕುಮಾರ್. ಅವನು ಬಾಗಿಲಾಚೆಯ ಮೆಟ್ಟಿಲಿಗೆ ಓಡಿದ. ಕೋಣೆಗೂ ಮೆಟ್ಟಿಲಿಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ.

ಗೌರೀಶ್: ಸರ್. ಹೌದು ಸರ್. ಒತ್ತಿಬಿಟ್ರು ಸರ್. ಇಲ್ಲ ಸರ್, ನಾನು ಅಷ್ಟೇನೂ ಚೆನ್ನಾಗಿ ಹೇಳ್ಲಿಲ್ಲ ಸರ್. ಕೆಟ್ಟದಾಗೇ ಹೇಳ್ದೆ. ಇಲ್ಲ ಸರ್, ವಾಪಸ್ ತಗೊಳ್ಳೋ ಬಟನ್ ಇಲ್ಲ, ಹುಡುಕಿದೆ. ಹೌದು ಸರ್, ಸಿಸ್ಟಮ್‌ನಲ್ಲಿ ಎಲ್ಲರಿಗೂ ಹೋಗಿದೆ. ಅವರಿಗೆ ಕೊಡ್ಲಾ? ಸ್ಪೀಕರ್ ಹಾಕ್ತೀನಿ ಸರ್.

ಅವನು ಒಳಗೆ ಬಂದು ಫೋನನ್ನು ಮೇಜಿನ ನಡುವೆ ಇಟ್ಟ. ಅನ್ನದಲ್ಲಿ ಕಲ್ಲು ಕಡಿದವರು ಬೀಗರ ಮನೆಯೆಂದು ನುಂಗಿಕೊಂಡಂಥ ದನಿ ಅದರಿಂದ ಬಂತು.

ನವೀನ್ ಕುಮಾರ್: ಕಂಗ್ರಾಜುಲೇಷನ್ಸ್ ವೇದಾವತಿಯವ್ರೆ. ವೆರಿ ಹ್ಯಾಪಿ. ಬೆಂಗಳೂರಲ್ಲಿ ಎಲ್ಲಾರೂ ನಿಮ್ಮ ಕಮಿಟ್‌ಮೆಂಟ್ ನೋಡಿ ತುಂಬಾ... ಆಶ್ಚರ್ಯ ಪಟ್ವಿ.

ವೇದಾವತಿ: ಥ್ಯಾಂಕ್ಸ್ ಸರ್. ಒಂದು ಸಣ್ಣ ವಿಷ್ಯ ಇತ್ತು. ಕೇಳ್ಬೋದಾ?

ನವೀನ್ ಕುಮಾರ್: ಹೇಳಿ, ನೀವೀಗ ಹೆಡ್ ಅಲ್ವಾ.

ವೇದಾವತಿ: ಇಲ್ಲಿ ಸ್ಟೋರ್ ಇರ್ತದಂತೆ. ಅದರ ಬೀಗದ ಕೈ ಯಾವ್ದೋ ಏಜೆನ್ಸಿಯವ್ರ ಕೈಗೆ ಕೊಟ್ಬುಟ್ಟು, ಬೂಟು ಹೆಲ್ಮೆಟ್ ಕಮ್ಮಿ ಬಂದ್ರೆ ಅಲ್ಲಿ ಕೂತು ನಾನು ಜವಾಬ್ದಾರಿ ಹೊರಕ್ಕಾಗಲ್ಲ. ಕರಿಬಸಮ್ಮ ಕಂಪನಿಯವರಾಗೇ ಇರ್ಬೇಕು ಸರ್.

ನವೀನ್ ಕುಮಾರ್: ಅದು ಕಷ್ಟ. ಮೂರು ಡಬ್ಬಿ ಇದ್ದಿದ್ದನ್ನ ಕಮ್ಮಿ ಮಾಡ್ತೀನಿ ಅಂತ ನಾನು ಮೇಲೆ ಒಪ್ಕೊಂಡು ಬಂದಿದೀನಿ. ಚಾರ್ಟಲ್ಲಿ ಕಮ್ಮಿ ಕಾಣ್ಬೇಕು.

ವೇದಾವತಿ: ಕಮ್ಮಿ ಕಾಣ್ಬೇಕು ಅಂದ್ರೆ ಯಾವ್ದಾದ್ರೂ ಆಗ್ತದಾ ಸರ್, ಇಲ್ಲ ಇಂಥದ್ದೇ ಆಗ್ಬೇಕಾ?

ಫೋನಿನಲ್ಲಿ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು ಕೇಳಿಸಿತು. ಗೌರೀಶನಿಗೆ ಆ ಮೌನದ ಅರ್ಥ ಅವರಿಬ್ಬರಿಗಿಂತ ಮೊದಲೇ ಆಯಿತು. ಇಂಥ ಮೌನದಲ್ಲಿ ಸಾಹೇಬರು ಯೋಚಿಸುವುದಿಲ್ಲ, ಆರಿಸಿಕೊಳ್ಳುತ್ತಾರೆ. ಅವನು ಫೋನನ್ನು ಎತ್ತಿಕೊಳ್ಳಲು ಕೈ ಚಾಚಿದ. ತಡವಾಗಿತ್ತು.

ನವೀನ್ ಕುಮಾರ್: ಯಾವುದಾದ್ರೂ ಆಗುತ್ತೆ. ಗುಡ್ ಪಾಯಿಂಟ್. ಸರಿ, ಕರಿಬಸಮ್ಮ ಇರ್ಲಿ. ಗೌರೀಶ್, ಲೈನಲ್ಲಿದೀರಲ್ಲ?

ಗೌರೀಶ್: ಇದೀನಿ ಸರ್.

ನವೀನ್ ಕುಮಾರ್: ನಿಮ್ಮ ಈಗಿನ ರೋಲ್ ಇನ್ಮೇಲೆ ಇರಲ್ಲ. ಅದನ್ನ ನೆಗೆಟಿವ್ ಆಗಿ ತಗೋಬೇಡಿ. ವೇದಾವತಿಯವ್ರ ಟೀಮ್ ಖಾಲಿ ಇದೆ. ನೀವು ಅಲ್ಲಿಗೆ ಹೋಗಿ, ಸಪೋರ್ಟ್ ಅಸೋಸಿಯೇಟ್. ತಿರುಮಣಿ.

ಗೌರೀಶ್: ಸರ್, ತುಮಕೂರು ಅಂದಿದ್ರಿ.

ನವೀನ್ ಕುಮಾರ್: ತುಮಕೂರಲ್ಲಿ ಏನಿದೆ ಗೌರೀಶ್. ನಿಮ್ಮ ವಯಸ್ಸಲ್ಲಿ ಫೀಲ್ಡ್ ನೋಡ್ಬೇಕು.

ಗೌರೀಶ್: ಮೊದ್ಲು ಮಾಡ್ತಿದ್ದಿದ್ದೂ ಅದೇ ಅಲ್ವಾ ಸರ್, ಬೂಟಿನ ಸೈಜು.

ನವೀನ್ ಕುಮಾರ್: ಅದಕ್ಕೇ. ಎಕ್ಸ್‌ಪೀರಿಯೆನ್ಸ್ ಇದೆ. ಆಪ್‌ನಲ್ಲಿ ಆಫರ್ ಬರುತ್ತೆ, ಎರಡು ಬಟನ್ ಇರುತ್ತೆ. ಒತ್ತಡ ಏನಿಲ್ಲ.

ಫೋನು ಕಟ್ಟಾಯಿತು.

 ವೇದಾವತಿ ಮರ್ಯಾದೆಗೆ ಕಿಟಕಿಯ ಕಡೆ ತಿರುಗಿ ಬೆಟ್ಟವನ್ನು ನೋಡುತ್ತ ಕೂತಳು. ಅವಳು ಕೇಳಿದ್ದು ಒಂದು ಪ್ರಶ್ನೆ, ಅದು ಯಾರ ಕುತ್ತಿಗೆಗೆ ಹೋಗಬಹುದೆಂದು ಕೇಳುವಾಗ ಗೊತ್ತಿತ್ತೋ ಇಲ್ಲವೋ, ಅವಳ ಮುಖ ನೋಡಿ ಹೇಳುವಂತಿರಲಿಲ್ಲ. ಗೌರೀಶ್ ಆ ಮುಖವನ್ನೇ ನೋಡುತ್ತಿದ್ದ. ಬೆಳಿಗ್ಗೆಯಿಂದಲೂ ಅದನ್ನೇ ನೋಡುತ್ತಿದ್ದ, ಯಾವಾಗ ಬಾಡುತ್ತದೆ ಎಂದು. ಈಗ ತನ್ನ ಮುಖವನ್ನು ಯಾರೂ ಹಾಗೆ ನೋಡುತ್ತಿಲ್ಲವಲ್ಲ ಎನ್ನುವುದೇ ಅವನಿಗೆ ಹೆಚ್ಚು ಚುಚ್ಚಿತು.

ಕರಿಬಸಮ್ಮ ಎದ್ದು ಹೋಗಿ ಸ್ಟೌವು ಹಚ್ಚಿದಳು. ಟೀ ಸೊಪ್ಪು, ಸಕ್ಕರೆ, ಒಂದು ಚೂರು ಶುಂಠಿ. ಮೂರು ಲೋಟಕ್ಕೆ ಸೋಸಿ ಮೊದಲನೆಯದನ್ನು ಗೌರೀಶನ ಮುಂದೆ ಇಟ್ಟಳು.

ಕರಿಬಸಮ್ಮ: ಕುಡಿ ಕಣಪ್ಪ, ಬಿಸಿಯಾಗೈತೆ.

ಗೌರೀಶ್: ನಂಗೆ ಯಾಕೆ ಕರಿಬಸಮ್ಮ.

ಕರಿಬಸಮ್ಮ: ಕುಡಿ ಅಂದ್ನಲ್ಲ. ನನ್ನ ಏಜೆನ್ಸಿಗೆ ಕಳಿಸಕ್ಕೆ ಬಂದೋನು ನೀನು, ನಿಂಗೆ ಟೀ ಕೊಟ್ರೆ ನಂಗೇ ಸಮಾಧಾನ.

ಗೌರೀಶ್ ಕುಡಿದ. ಲೋಟ ಅರ್ಧವಾಗುವ ಹೊತ್ತಿಗೆ ಅವನ ಫೋನಿಗೆ ಆಫರ್ ಬಂತು. ಅವನು ಎರಡೂ ಬಟನ್ನುಗಳನ್ನು ತುಂಬ ಹೊತ್ತು ನೋಡಿದ. ಬೇಡ ಎನ್ನಬಹುದಿತ್ತು. ಬೇಡ ಎಂದವರು ಏನಾಗುತ್ತಾರೆಂದು ಈ ಕೋಣೆಯಲ್ಲಿ ಅವನಷ್ಟು ಚೆನ್ನಾಗಿ ವಿವರಿಸಬಲ್ಲವರು ಇನ್ನೊಬ್ಬರಿರಲಿಲ್ಲ. ಕಣ್ಣು ಮುಚ್ಚಿಕೊಂಡು ಒಪ್ಪಿಗೆ ಒತ್ತಿದ. ಆಮೇಲೆ ಲೋಟ ಕೆಳಗಿಟ್ಟು, ಅಂಗಿಯ ತೋಳು ಇಳಿಸಿಕೊಂಡು, ವೇದಾವತಿಯ ಮೇಜಿನ ಮುಂದೆ ಬಂದು ನಿಂತ. ಕುರ್ಚಿ ಇತ್ತು, ಕೂರಲಿಲ್ಲ.

ಗೌರೀಶ್: ಮೇಡಂ, ಮಧ್ಯಾಹ್ನ ರಜ ಬೇಕಾಗಿತ್ತು.

ವೇದಾವತಿ: ಯಾಕೆ ಗೌರೀಶ್?

ಸರ್ ಎಂಬುದು ಹೋಗಿತ್ತು. ಅವಳು ಬೇಕೆಂದು ಬಿಟ್ಟದ್ದಲ್ಲ, ಹಿಂದೆ ಪಕ್ಕದ ಕುರ್ಚಿಯವನನ್ನು ಕರೆಯುತ್ತಿದ್ದ ಹಾಗೆ ತಾನಾಗಿ ಬಂದಿತ್ತು.

ಗೌರೀಶ್: ಸಿರಾಕ್ಕೆ ಹೋಗಿ ಮನೇಲಿ ವಿಷಯ ಹೇಳ್ಬೇಕು.

ವೇದಾವತಿ: ಏನಂತ ಹೇಳ್ತೀಯ?

ಗೌರೀಶ್: (ನೆಲ ನೋಡುತ್ತ) ಬಡ್ತಿ ಬಂತು ಅಂತ.

ಕರಿಬಸಮ್ಮ: ಅಂಗಾರೆ ಬಸ್‌ಸ್ಟ್ಯಾಂಡಲ್ಲಿ ಒಂದ್ ಪೊಟ್ಟಣ ಮೈಸೂರ್‌ಪಾಕು ಕಟ್ಟಿಸ್ಕೊಂಡ್ ಹೋಗಪ್ಪ. ಬರಿಗೈಲಿ ಹೋದ್ರೆ ಮನೆಯೋರ್ಗೆ ಅನುಮಾನ ಬಂದ್ಬುಡ್ತದೆ.